ಬಲ್ಬು ತಿನ್ನುವ ಕರೆಂಟು

ತರಬೇತಿಗೆ ಮುಂಚೆ ಶಿಕ್ಷಕರು ತೆಗೆದ ಅಂಕಗಳದು ಒಂದು ಗೆರೆ, ಮುಗಿದ ಮೇಲೆ ತೆಗೆದವುಗಳದು ಇನ್ನೊಂದು. ಎರಡೂ ಒಂದರ ಮೇಲೊಂದು ಮಲಗಿಬಿಟ್ಟಿದ್ದವು. ಸಂಶೋಧಕಿ ಕಂಪ್ಯೂಟರಿನ ಪರದೆಯನ್ನು ಓರೆ ಮಾಡಿ ನೋಡಿದಳು. ಆಗಲೂ ಅಷ್ಟೇ.

ವಿಜ್ಞಾನ ಶಿಕ್ಷಕರಿಗೆ ಕೊಟ್ಟ ತರಬೇತಿಯಿಂದ ಏನಾದರೂ ಉಪಯೋಗವಾಯಿತೇ ಎಂದು ಅಳೆಯುವುದು ಅವಳ ಕೆಲಸ. ಆಗಿದ್ದರೆ ತರಬೇತಿ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕುತ್ತದೆ. ಅದನ್ನು ಪಡೆದವರಲ್ಲಿ ಅವಳ ಅಕ್ಕನೂ ಒಬ್ಬಳು. ಸಂಜೆ ಅಕ್ಕನ ಮನೆಗೆ ಹೋದಳು.

“ಪರೀಕ್ಷೆ ಹೇಗಿತ್ತು, ನಿಜ ಹೇಳು.”

“ಮೊದಲನೇದೋ, ಎರಡನೇದೋ?” ಪಾತ್ರೆ ತೊಳೆಯುತ್ತಿದ್ದ ಅಕ್ಕ ತಿರುಗಲಿಲ್ಲ. “ಎರಡೂ ಒಂದೇ ಬಿಡು. ಈ ಬಲ್ಬಲ್ಲಿ ಎಷ್ಟು ಕರೆಂಟು ಹರಿಯುತ್ತೆ, ಲೆಕ್ಕ ಹಾಕಿ. ನಿದ್ದೆಗಣ್ಣಲ್ಲೂ ಮಾಡ್ತೀನಿ ಕಣೇ. ವರ್ಷಾ ವರ್ಷಾ ಅದನ್ನೇ ಪಾಠ ಮಾಡೋಳು ನಾನು.”

ತಂಗಿ ತೊಳೆದ ತಟ್ಟೆಯೊಂದನ್ನು ಒರೆಸಿಟ್ಟಳು.

“ತರಬೇತೀಲಿ ಕಲಿತದ್ದೇ ಬೇರೆ. ಬಲ್ಬು ಕರೆಂಟನ್ನ ತಿಂದುಬಿಡುತ್ತೆ ಅಂತ ಮಕ್ಕಳು ಅಂದ್ಕೊಂಡಿರ್ತಾರೆ. ಮುಂಚೆ ‘ತಪ್ಪು, ಕೂತ್ಕೋ’ ಅಂತಿದ್ದೆ. ಈಗ, ಅಂಥದ್ದೇ ಇನ್ನೊಂದು ಬಲ್ಬನ್ನ ಅದರ ಹಿಂದೆ ಜೋಡಿಸು, ಅದು ಮೊದಲನೇದಕ್ಕಿಂತ ಮಂಕಾಗಿ ಉರಿಯುತ್ತಾ ನೋಡು ಅಂತೀನಿ. ಎರಡೂ ಒಂದೇ ಥರ ಉರಿಯುತ್ವೆ. ತಾವೇ ತಲೆ ಕೆರ್ಕೋತಾರೆ. ಅದನ್ನ ಯಾಕೆ ಕೇಳ್ಲಿಲ್ಲ ನೀನು?”

ಅದನ್ನು ಕೇಳುವ ಪರೀಕ್ಷೆಯೂ ಇತ್ತು. ಮಗು ಹೀಗೆಂದರೆ ನೀವೇನು ಮಾಡುತ್ತೀರಿ ಎಂಬ ಧಾಟಿಯದು. ಒಂದೊಂದು ಉತ್ತರವನ್ನೂ ಇಬ್ಬರು ಕೂತು ಓದಿ ಅಂಕ ಕೊಡಬೇಕು. ತಂಗಿ ಆರಿಸಿದ್ದು ಹೆಸರುವಾಸಿಯಾದ, ಯಂತ್ರವೇ ತಿದ್ದುವ ಇನ್ನೊಂದನ್ನು. ಅದು ಕಾಲೇಜಿಗೆ ಹೊಸದಾಗಿ ಸೇರಿದವರಿಗಾಗಿ ಮಾಡಿದ್ದೆಂದು ಮೊದಲ ಪುಟದಲ್ಲೇ ಇತ್ತು. ಓದಿದ್ದಳು. ಶಿಕ್ಷಕರಿಗೂ ನಡೆಯುತ್ತದೆ ಎಂದುಕೊಂಡಿದ್ದಳು.

ಬೆಳಿಗ್ಗೆ ತನ್ನ ಮಾರ್ಗದರ್ಶಕರ ಮುಂದೆ ಎಲ್ಲ ಹೇಳಿಕೊಂಡಳು. “ಸರ್, ಶಿಕ್ಷಕರೆಲ್ಲ ಮೊದಲ ಪರೀಕ್ಷೇಲೇ ತುದಿ ಮುಟ್ಟಿದ್ರು. ಅಂಕ ಏರೋಕೆ ಜಾಗಾನೇ ಇರಲಿಲ್ಲ. ಈಗ ಆ ‘ಮಗು ಹೀಗೆಂದರೆ’ ಪರೀಕ್ಷೆ ಕೊಡೋಣ.”

“ಕೊಡಮ್ಮ. ಈಗ ಏನಿದೆ ಅಂತ ಗೊತ್ತಾಗುತ್ತೆ. ತರಬೇತಿಗೆ ಮುಂಚೆ ಏನಿತ್ತು ಅಂತ ಯಾರನ್ನ ಕೇಳ್ತೀಯ?”

“ತರಬೇತಿ ಸಿಗದವರ ಜೊತೆ ಹೋಲಿಸಿದ್ರೆ?”

“ಇವರು ತಾವಾಗೇ ಬಂದು ಸೇರಿದೋರು. ಮೊದಲಿಂದಲೂ ಚುರುಕಾಗಿದ್ರು ಅಂತ ಯಾರಾದ್ರೂ ಅಂದ್ರೆ ಏನು ಹೇಳ್ತೀಯ?” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಆ ಪರೀಕ್ಷೆಗೆ ಒಪ್ಪಿಗೆ ಕೊಟ್ಟವನು ನಾನೇ. ಇದ್ದದ್ದು ಇದ್ದ ಹಾಗೆ ಬರಿ.”

ಬರೆದಳು. ಈ ಪರೀಕ್ಷೆಯ ಆಧಾರದ ಮೇಲೆ ಉಪಯೋಗವಾಯಿತೆಂದೂ ಆಗಲಿಲ್ಲವೆಂದೂ ಹೇಳಲಾಗದು. ಮೇಲಧಿಕಾರಿಗಳು ಅದರಲ್ಲಿ ಅರ್ಧವನ್ನಷ್ಟೇ ಎತ್ತಿಕೊಂಡರು: ಉಪಯೋಗ ಸಾಬೀತಾಗಿಲ್ಲ, ತರಬೇತಿ ನಿಲ್ಲಿಸಿ.

ತರಬೇತಿ ಕೋಣೆ ಖಾಲಿ ಮಾಡುವ ದಿನ ಅಕ್ಕ ಶಾಲೆಗೆ ಒಯ್ದಿದ್ದ ಬ್ಯಾಟರಿ, ಬಲ್ಬು, ವೈರುಗಳ ಡಬ್ಬಿ ಹಿಂದಿರುಗಿಸಲು ಬಂದಳು. ಗೋಡೆಯ ಪಕ್ಕ ತಂಗಿ ಸಾಮಾನು ತುಂಬುತ್ತಿದ್ದ ರಟ್ಟಿನ ಪೆಟ್ಟಿಗೆಗಳು ಬಾಯ್ತೆರೆದು ಕೂತಿದ್ದವು.

“ಹಾಗಾದ್ರೆ ನಾವೇನೂ ಕಲೀಲಿಲ್ಲ ಅಂತಾಯ್ತು.”

“ಕಲಿತಿದ್ದೀಯ ಅಕ್ಕ.”

“ಎಲ್ಲಿ ತೋರಿಸು.”

ತಂಗಿಯ ಹತ್ತಿರ ತೋರಿಸಲು ಆ ಎರಡು ಗೆರೆಗಳಷ್ಟೇ ಇದ್ದವು. ಅಕ್ಕ ಡಬ್ಬಿಯನ್ನು ಅವಳ ಕೈಗೆ ಕೊಟ್ಟಳು.

“ನೋಡಿ ತಗೋ. ಒಂದು ಬಲ್ಬು ಸುಟ್ಟುಹೋಗಿದೆ.”