ಎಪ್ಪತ್ತೆಂದು ಬರೆದ ಅಲಗು

ಅಣ್ಣ ಕಾರಿನ ನಾಲ್ಕೂ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಹಳೆಯ ಬನಿಯನ್ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ. ಯಾವುದು ಯಾವ ಸಿಲಿಂಡರಿನದೆಂದು ಪಕ್ಕದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದ್ದ. ನಾನು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ.

"ಬಂದ್ಯಾ? ಕೂತ್ಕೋ. ಆ ಸ್ಟೂಲಿಗೆ ಮೂರೇ ಕಾಲು ಗಟ್ಟಿ, ಹುಷಾರು."

ಅಪ್ಪ ಶೆಡ್ಡಿನ ಬಾಗಿಲ ಬಳಿಯ ಕುರ್ಚಿಯಲ್ಲಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಿದ್ದರು. ಎಂಟು ತಿಂಗಳಿಂದ ಅವರ ಕೈ ನಡುಗುತ್ತಿತ್ತು. ಯಾರೂ ನೋಡಬಾರದೆಂದು ಹಾಗೆ ಕೂರುತ್ತಿದ್ದರು. ಹದಿನೆಂಟು ವರ್ಷ ಅವರ ಪಕ್ಕದಲ್ಲೇ ಕೆಲಸ ಮಾಡಿದ ಅಣ್ಣ ಈಗ ಅವರ ಜಾಗದಲ್ಲಿ ನಿಂತಿದ್ದ.

"ಓದಿದವರು ಬಂದ್ರು. ಇನ್ನು ಇಂಜಿನ್ನು ತಾನೇ ಬಾಯಿಬಿಟ್ಟು ಹೇಳುತ್ತೆ, ನನಗೆ ಇಂಥದ್ದೇ ಕಾಯಿಲೆ ಅಂತ," ಎಂದರು ಅಪ್ಪ. ನಗಲಿಲ್ಲ.

ನನ್ನನ್ನು ಕರೆಸಿದ್ದು ಅತ್ತಿಗೆ. ಬೆಳಿಗ್ಗೆ ಫೋನಿನಲ್ಲಿ, "ನಿಮ್ಮಣ್ಣ ನಿದ್ದೇಲೂ ಕೈ ತಿರುಗಿಸ್ತಾರೆ ಕಣೇ. ಪ್ಲಗ್ ಅಂದ್ಕೊಂಡು ನನ್ನ ಕಿವಿ ಬಿಚ್ಚದಿದ್ರೆ ಸಾಕು," ಎಂದು ನಕ್ಕಿದ್ದಳು. ಆಮೇಲೆ ದನಿ ತಗ್ಗಿಸಿ, "ಒಂದ್ಸಲ ಬಂದು ಹೋಗು. ಊಟ ಮಾಡ್ತಿಲ್ಲ," ಎಂದಿದ್ದಳು.

ಕಾರು ಡಾಕ್ಟರಮ್ಮನದು. ಪ್ರತಿ ಗುರುವಾರ ಅವರು ಅದರಲ್ಲಿ ಬೆಟ್ಟ ಹತ್ತಿ ಮೇಲಿನ ಆಸ್ಪತ್ರೆಗೆ ಹೋಗುತ್ತಾರೆ. ಇಂಜಿನ್ನಿಗೆ ಸೂಪರ್‌ಚಾರ್ಜರ್ ಇದೆ. ಅದು ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತ, ಗಾಳಿಯನ್ನು ಒತ್ತಿ ಸಿಲಿಂಡರಿನೊಳಗೆ ತುರುಕುತ್ತದೆ. ಇಪ್ಪತ್ತೆರಡು ವರ್ಷ ಅದನ್ನು ನೋಡಿಕೊಂಡವರು ಅಪ್ಪ. ಮೂರು ತಿಂಗಳ ಹಿಂದೆ ಅಣ್ಣ ಮೊದಲ ಸಲ ತಾನೇ ಹೊಸ ಪ್ಲಗ್ ಹಾಕಿದ. ಅಂದಿನಿಂದ ಏರಿನಲ್ಲಿ ಇಂಜಿನ್ ಕೆಮ್ಮತೊಡಗಿತು. ಕಳೆದ ಗುರುವಾರ ಲಾರಿಯೊಂದನ್ನು ದಾಟುವಾಗ ಅರೆಕ್ಷಣ ಎಳೆತವೇ ಇಲ್ಲದಂತಾಗಿ, ಎದುರಿನಿಂದ ಬಂದ ಬಸ್ಸಿನಿಂದ ಡಾಕ್ಟರಮ್ಮ ಕೂದಲೆಳೆಯಲ್ಲಿ ಪಾರಾದರು. ಕಾರು ತಂದು ನಿಲ್ಲಿಸಿದಾಗ ಅವರು ಬೈಯಲಿಲ್ಲ, ಒಂದು ಲೋಟ ನೀರು ಕೇಳಿ ಕುಡಿದರು. ಅದನ್ನೇ ಅಪ್ಪನಿಗೆ ತಡೆಯಲಾಗಲಿಲ್ಲ.

ಅಂದೇ ಹೇಳಿಬಿಟ್ಟಿದ್ದರು: "ಬರೋ ಗುರುವಾರದೊಳಗೆ ಸರಿಹೋಗದಿದ್ರೆ ಶೆಡ್ಡಿನ ಬೀಗದಕೈ ಟೈರ್ ಅಂಗಡಿಯವನಿಗೆ ಕೊಟ್ಟುಬಿಡ್ತೀನಿ. ಅವನು ಎಷ್ಟು ದಿನದಿಂದ ಈ ಜಾಗ ಕೇಳ್ತಿದಾನೆ. ನನ್ನ ಬೋರ್ಡಿನ ಕೆಳಗೆ ಒಬ್ಬರ ಜೀವ ಹೋಗೋದು ಬೇಡ."

ನಾನು ಹೋದದ್ದು ಮಂಗಳವಾರ. ನಲವತ್ತೊಂದು ವರ್ಷದ ಅಣ್ಣನಿಗೆ ಈ ಶೆಡ್ಡು ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ.

"ಪ್ಲಗ್ಗೇ ತಪ್ಪು ಆರಿಸಿದ್ದೀಯೇನೋ," ಎಂದೆ.

ಅವನು ಒಂದನ್ನು ನನ್ನ ಅಂಗೈಯಲ್ಲಿಟ್ಟ. "ಮೂತಿ ನೋಡು."

ನಡುವಿನ ಪಿಂಗಾಣಿ ಮೂತಿಗೆ ಹದವಾಗಿ ಸುಟ್ಟ ಬಿಸ್ಕತ್ತಿನ ಬಣ್ಣ. ಬಿಳಿಚಿಕೊಂಡಿರಲಿಲ್ಲ, ಗುಳ್ಳೆ ಎದ್ದಿರಲಿಲ್ಲ, ಮಸಿಯೂ ಇರಲಿಲ್ಲ. ಗಾಳಿಯನ್ನು ಒತ್ತಿ ತುಂಬುವ ಇಂಜಿನ್ನಿನಲ್ಲಿ ಶಾಖ ಹೆಚ್ಚು. ಪ್ಲಗ್ಗಿನ ಮೂತಿ ಕೆಂಡವಾದರೆ ಕಿಡಿಗೂ ಮೊದಲೇ ಪೆಟ್ರೋಲು ಹೊತ್ತಿಕೊಂಡು ಪಿಸ್ಟನ್ ಕರಗುತ್ತದೆ. ಅದಕ್ಕೇ ಶಾಖವನ್ನು ಬೇಗ ಬಿಟ್ಟುಕೊಡುವ, ಮೋಟು ಮೂತಿಯ ಪ್ಲಗ್ ಬೇಕು. ಮೆಕ್ಯಾನಿಕ್‌ಗಳು ಅದನ್ನು ಕೋಲ್ಡ್ ಪ್ಲಗ್ ಎನ್ನುತ್ತಾರೆ. ಅಣ್ಣ ಹಾಕಿದ್ದು ಅದನ್ನೇ, ಅಪ್ಪನ ನೋಟ್‌ಬುಕ್ಕಿನಲ್ಲಿ ಇದ್ದ ಹಾಗೆಯೇ. ಆಯ್ಕೆಯಲ್ಲಿ ತಪ್ಪಿಲ್ಲವೆಂದು ಆ ಬಣ್ಣವೇ ಹೇಳುತ್ತಿತ್ತು.

ನೋಟ್‌ಬುಕ್ಕಿನ ಆ ಪುಟದಲ್ಲಿ ಅಪ್ಪನ ದುಂಡು ಅಕ್ಷರ: "ಒಂದು ಮೆಟ್ಟಿಲು ಕೋಲ್ಡ್. ಗ್ಯಾಪ್ 70. ಮೀರಬಾರದು."

ಗ್ಯಾಪ್ ಎಂದರೆ ಕಿಡಿ ಹಾರಬೇಕಾದ ಸಂದು. ಎಪ್ಪತ್ತು ಎಂದರೆ ಒಂದು ಮಿಲಿಮೀಟರಿನ ನೂರು ಪಾಲಿನಲ್ಲಿ ಎಪ್ಪತ್ತು. ಗಾಳಿ ಒತ್ತೊತ್ತಾಗಿ ತುಂಬಿದಷ್ಟೂ ಆ ಸಂದನ್ನು ದಾಟುವುದು ಕಿಡಿಗೆ ಕಷ್ಟ. ಕಿಡಿಗೆ ವಿದ್ಯುತ್ ಒದಗಿಸುವ, ಈ ಕಾರಿನ ಹಳೆಯ ಕಾಯಿಲ್‌ನ ಶಕ್ತಿಗೆ ಮಿತಿಯಿದೆ. ಸಪಾಟು ರಸ್ತೆಯಲ್ಲಿ ಏನೂ ತಿಳಿಯುವುದಿಲ್ಲ. ಏರಿನಲ್ಲಿ, ಸೂಪರ್‌ಚಾರ್ಜರ್ ಪೂರಾ ಬಲ ಹಾಕಿದಾಗ, ಸಂದು ತುಸು ಹೆಚ್ಚಾಗಿದ್ದರೂ ಕಿಡಿ ಹುಟ್ಟದೆ ಹೋಗುತ್ತದೆ.

"ಎಪ್ಪತ್ತಕ್ಕೇ ಇಟ್ಟಿದ್ದೀನಿ. ಆರು ಸಲ ಬಿಚ್ಚಿ ನೋಡಿದ್ದೀನಿ," ಎಂದ ಅಣ್ಣ.

"ಇಟ್ಟಿಲ್ಲ," ಎಂದರು ಅಪ್ಪ ಅಲ್ಲಿಂದಲೇ. "ಇಟ್ಟಿದ್ರೆ ಕೆಮ್ಮುತ್ತಿರಲಿಲ್ಲ."

"ಬಂದು ನೋಡಿ ಅಪ್ಪ!"

"ನೋಡೋಕೆ ಏನಿದೆ? ಇಂಜಿನ್ ಸುಳ್ಳು ಹೇಳಲ್ಲ."

ಸಂದು ಅಳೆಯುವ ನನ್ನ ಗೇಜನ್ನು ಚೀಲದಿಂದ ತೆಗೆದು ನಾಲ್ಕನ್ನೂ ಅಳೆದೆ. ಎಪ್ಪತ್ತು, ಎಪ್ಪತ್ತು, ಎಪ್ಪತ್ತು, ಎಪ್ಪತ್ತು.

"ಅಣ್ಣಾ, ಸ್ವಲ್ಪ ಕಮ್ಮಿ ಮಾಡಿ ನೋಡಬಾರದಾ?"

ಅವನು ನನ್ನನ್ನು ಹುಚ್ಚಿಯ ಹಾಗೆ ನೋಡಿದ. "ಅಪ್ಪ ಬರೆದದ್ದನ್ನ ಬಿಟ್ಟು? ಇಪ್ಪತ್ತೆರಡು ವರ್ಷ ಓಡಿಸಿದ ಅಳತೆ ಕಣೇ ಅದು. ಅದರಲ್ಲಿ ತಪ್ಪು ಇರಲ್ಲ. ತಪ್ಪು ನನ್ನ ಕೈಯಲ್ಲೇ ಇದೆ." ಬಟ್ಟೆಯ ಅಂಚನ್ನು ಮಡಚಿದ, ಬಿಚ್ಚಿದ. "ಟೈರ್ ಅಂಗಡಿಯವನು ಒಳ್ಳೆಯವನೇ. ಕೆಲಸಕ್ಕೆ ಇಟ್ಕೋತೀನಿ ಅಂದಿದ್ದಾನೆ."

ಅಪ್ಪ ರಸ್ತೆಯ ಕಡೆಗೆ ಮುಖ ತಿರುಗಿಸಿದರು.

ನನಗೆ ಆಗ ಹೊಳೆದದ್ದು ಬುದ್ಧಿವಂತಿಕೆಯಿಂದಲ್ಲ, ರೂಢಿಯಿಂದ. ಕಾರ್ಖಾನೆಯ ಅಳತೆ ವಿಭಾಗದಲ್ಲಿ ಹದಿನಾರು ವರ್ಷದಿಂದ ನನ್ನ ಕೆಲಸ ಒಂದೇ. ಇಬ್ಬರ ಅಳತೆ ತಾಳೆಯಾಗದಿದ್ದಾಗ ಕೈಗಳನ್ನು ದೂರುವುದು ಬಿಟ್ಟು ಮೊದಲು ಅವರ ಗೇಜುಗಳನ್ನು ತರಿಸುವುದು.

"ಅಪ್ಪ, ನೀವು ಯಾವುದರಲ್ಲಿ ಅಳೀತಿದ್ರಿ?"

"ನನ್ನದರಲ್ಲಿ."

"ಅಣ್ಣ ಅಳೆದದ್ದು?"

"ಅವನ ಹೊಸದರಲ್ಲಿ. ನನ್ನದನ್ನ ಯಾಕೆ ಕೊಡ್ಲಿ? ಕನ್ನಡಕ, ಹಲ್ಲುಜ್ಜೋ ಬ್ರಷ್ಷು, ಗೇಜು, ಮೂರನ್ನೂ ಯಾರಾದ್ರೂ ಹಂಚ್ಕೋತಾರಾ?"

ಕೊಡುವಂತೆ ಎರಡು ಸಲ ಕೇಳಬೇಕಾಯಿತು. ಮೇಜಿನ ಡ್ರಾಯರಿನಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳು ಉಕ್ಕಿನ ಅಲಗುಗಳು, ಒಂದೊಂದರ ಬುಡದಲ್ಲೂ ಅದರ ದಪ್ಪದ ಅಂಕಿ. ಉಳಿದವೆಲ್ಲ ಮಾಸಿ ಕಪ್ಪಾಗಿದ್ದವು. ಎಪ್ಪತ್ತೆಂದು ಬರೆದ ಅಲಗು ಒಂದೇ ಕನ್ನಡಿಯಂತೆ ಹೊಳೆಯುತ್ತಿತ್ತು.

ಅದು ಸವೆದಿದೆಯೆಂದು ಅಳೆಯುವ ಮೊದಲೇ ನನಗೆ ಗೊತ್ತಾಗಿಹೋಯಿತು. ಚಿಕ್ಕವಳಿದ್ದಾಗ ಇದೇ ಮೇಜಿನ ತುದಿಯಲ್ಲಿ ಕೂತು ಹೋಂವರ್ಕ್ ಮಾಡುತ್ತ ಸಾವಿರ ಸಲ ಕೇಳಿದ ಸದ್ದು: ಸರ್, ಸರ್. ಕೆಲಸಕ್ಕೆ ಮುಂಚೆ ಅಪ್ಪ ಲೋಹ ಉಜ್ಜುವ ನುಣುಪಾದ ಎಮರಿ ಕಾಗದದಿಂದ ಅಲಗನ್ನು ಆ ಮಗ್ಗುಲಿಗೆ ಎರಡು ಸಲ, ಈ ಮಗ್ಗುಲಿಗೆ ಎರಡು ಸಲ ಉಜ್ಜಿ, ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುತ್ತಿದ್ದರು. "ಅಳತೆ ಅಂದ್ಮೇಲೆ ಚೊಕ್ಕಟವಾಗಿರಬೇಕು," ಎನ್ನುತ್ತಿದ್ದರು. ಅವರು ಹೆಚ್ಚು ಬಳಸುತ್ತಿದ್ದ ಅಲಗು ಅದೊಂದೇ. ಊರವರ ಗೇಜುಗಳನ್ನೆಲ್ಲ ಪರೀಕ್ಷಿಸಿ ತಾರೀಖಿನ ಚೀಟಿ ಅಂಟಿಸುವ ನಾನು ಇದನ್ನು ಒಮ್ಮೆಯೂ ಕೈಗೆತ್ತಿಕೊಂಡಿರಲಿಲ್ಲ.

ಚೀಲದಿಂದ ದಪ್ಪ ಅಳೆಯುವ ಮೈಕ್ರೋಮೀಟರ್ ತೆಗೆದು, ಅದರ ಸೊನ್ನೆ ಸರಿಯಿದೆಯೇ ನೋಡಿದೆ. ಮೂರು ಜಾಗದಲ್ಲಿ ಮೂರು ಸಲ ಅಳೆದೆ. ಬೇರೆ ಉತ್ತರ ಬರಲೆಂದು ಇನ್ನೊಮ್ಮೆ ಅಳೆದೆ.

"ಎಷ್ಟು?" ಎಂದರು ಅಪ್ಪ.

"ಬುಡದಲ್ಲಿ ಅರವತ್ತೊಂಬತ್ತು." ಮೈಕ್ರೋಮೀಟರನ್ನು ಅವರ ಕಡೆ ತಿರುಗಿಸಿದೆ. "ತುದಿಯಲ್ಲಿ ಅರವತ್ತೆರಡು ಅಪ್ಪ."

ಅಣ್ಣ ಕೈಯಲ್ಲಿದ್ದ ಪ್ಲಗ್ಗನ್ನು ಕೆಳಗಿಟ್ಟ. "ಹಾಗಾದ್ರೆ ಎಪ್ಪತ್ತು ಅಂತ ನೀವು ಇಡ್ತಿದ್ದದ್ದು ಅರವತ್ತೆರಡು." ಅಪ್ಪ ಮರೆತವರಂತೆ ಕೈಗಳನ್ನು ಹೊರತೆಗೆದು ಮಡಿಲಲ್ಲಿಟ್ಟುಕೊಂಡರು. ಅವು ನಡುಗುತ್ತಲೇ ಇದ್ದವು.

"ಮೊದಮೊದಲು ಏರಿನಲ್ಲಿ ಸ್ವಲ್ಪ ಕೆಮ್ಮುತ್ತಿತ್ತು ಆ ಇಂಜಿನ್," ಎಂದರು. "ವರ್ಷ ಕಳೆದ ಹಾಗೆ ನಿಂತುಹೋಯ್ತು. ನನ್ನ ಕೈಗೆ ಪಳಗಿತು ಅಂದ್ಕೊಂಡಿದ್ದೆ."

ಅವರು ಅಣ್ಣನ ಕಡೆ ತಿರುಗಿದರು. "ಮೂರು ತಿಂಗಳು ನಿನ್ನ ಕೈ ಸರಿಯಿಲ್ಲ ಅಂತ ಅಂದೆನಲ್ಲೋ."

"ಬಿಡಿ ಅಪ್ಪ."

"ಬಿಡೋದೇನು? ಅಂದೆ ತಾನೇ?"

ಅಣ್ಣ ಪ್ಲಗ್‌ಗಳ ಮೇಲೆ ಬಾಗಿದ. ನಡುವಿನ ಮೊನೆಯನ್ನು ಮುಟ್ಟದೆ, ಹೊರಗಿನ ಬಾಗಿದ ತುಣುಕನ್ನು ಮಾತ್ರ ಮೆಲ್ಲಗೆ ತಟ್ಟುತ್ತ, ತನ್ನ ಗೇಜಿನ ಅರವತ್ತರ ಅಲಗು ಸಲೀಸಾಗಿ ಹೋಗಿ ಅರವತ್ತೈದರದ್ದು ನಿಲ್ಲುವ ಹಾಗೆ ಮಾಡಿದ. ಒಂದೊಂದಕ್ಕೂ ಹತ್ತು ನಿಮಿಷ. ಪ್ಲಗ್ಗುಗಳನ್ನು ಮೊದಲು ಬೆರಳಿನಿಂದ, ಆಮೇಲೆ ಬಿಗಿತದ ಅಳತೆ ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿದ.

ಮೂವರೂ ಕಾರಿನಲ್ಲಿ ಬೆಟ್ಟಕ್ಕೆ ಹೊರಟೆವು. ಅಪ್ಪ ಮುಂದೆ, ನಾನು ಹಿಂದೆ. ಡಾಕ್ಟರಮ್ಮ ಲಾರಿ ದಾಟಿದ ತಿರುವು ಬಂದಾಗ ರಸ್ತೆ ಖಾಲಿಯಿತ್ತು. ಅಣ್ಣ ಗೇರ್ ಇಳಿಸಿ ಪೆಡಲ್ಲನ್ನು ಕೊನೆಯವರೆಗೂ ಒತ್ತಿದ. ಸೂಪರ್‌ಚಾರ್ಜರಿನ ಸಿಳ್ಳೆ ಏರುತ್ತ ಹೋಯಿತು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದೇ ಒಂದು ಕೆಮ್ಮಿಲ್ಲ. ಅದೇ ಏರನ್ನು ಇನ್ನೂ ಎರಡು ಸಲ ಹತ್ತಿಸಿದರು. ಮೂರನೆಯ ಸಲಕ್ಕೆ, "ಸಾಕು, ಪೆಟ್ರೋಲು ಡಾಕ್ಟರಮ್ಮಂದು," ಎಂದರು.

ಶೆಡ್ಡಿಗೆ ಬಂದು ನೋಟ್‌ಬುಕ್ ತೆರೆದು ಅಣ್ಣನ ಮುಂದೆ ತಳ್ಳಿದರು. "ನೀನೇ ಬರಿ. ನನ್ನ ಕೈ ಬರೆದದ್ದನ್ನ ಈಗ ನಾನೇ ಓದಲಾರೆ."

ಅಣ್ಣ ಕೆಳಗೆ ಸಣ್ಣದಾಗಿ "62" ಎಂದು ಬರೆದ. ಮೇಲಿನದನ್ನು ಮುಟ್ಟಲಿಲ್ಲ.

"ಹೊಡೆದುಹಾಕೋ. ಮರ್ಯಾದೆ ನೋಡಬೇಡ. ಮುಂದೆ ಯಾರಾದ್ರೂ ಅದನ್ನೇ ನಂಬಿದ್ರೆ?"

ಅಣ್ಣ ಎಪ್ಪತ್ತರ ಮೇಲೆ ಒಂದೇ ಗೆರೆ ಎಳೆದ.

"ನಿಮ್ಮ ಕಾರ್ಖಾನೇಲಿ ಇಂಥದ್ದನ್ನ ಏನ್ಮಾಡ್ತೀರಿ?" ಅಪ್ಪ ಹೊಳೆಯುವ ಅಲಗನ್ನು ನನಗೆ ತೋರಿಸಿದರು.

ಸುಳ್ಳು ಹೇಳಬೇಕೆನಿಸಿತು. "ಮುರಿದುಹಾಕ್ತೀವಿ," ಎಂದೆ.

ಅವರು ಇಕ್ಕಳ ಎತ್ತಿಕೊಂಡರು. ಅಲಗು ಅದರ ಬಾಯಿಗೆ ಸಿಗಲಿಲ್ಲ. ಎರಡನೆಯ ಸಲವೂ ಜಾರಿತು. ಅಣ್ಣ ಸುಮ್ಮನೆ ಗೇಜನ್ನು ತೆಗೆದುಕೊಂಡು ಆ ಅಲಗಿನ ಬುಡವನ್ನು ಮೇಜಿನಂಚಿನ ವೈಸಿನ ದವಡೆಯಲ್ಲಿ ಬಿಗಿದ. ಇಕ್ಕಳದಿಂದ ತುದಿಯನ್ನು ಹಿಡಿದು, ಹಿಡಿಯನ್ನು ಅಪ್ಪನ ಕೈಗಿತ್ತ. ಅಪ್ಪ ಬಗ್ಗಿಸಿದರು. ಟಿಕ್ಕೆಂದು ಸಣ್ಣ ಸದ್ದಾಯಿತು, ಅಷ್ಟೇ.

ಹೊರಡುವಾಗ ಅಪ್ಪ ಬೀಗದಕೈಯನ್ನು ಎಂದಿನಂತೆ ಜೇಬಿಗೆ ಹಾಕಿಕೊಳ್ಳದೆ ಮೇಜಿನ ಮೇಲೆ, ಅಣ್ಣನ ಗೇಜಿನ ಪಕ್ಕದಲ್ಲಿಟ್ಟರು.

"ಗುರುವಾರ ಡಾಕ್ಟರಮ್ಮ ಎಂಟಕ್ಕೆಲ್ಲ ಬಂದ್ಬಿಡ್ತಾರೆ. ಏಳೂವರೆಗೇ ಬಾಗಿಲು ತೆಗಿ," ಎಂದು ಹೇಳಿ, ಎರಡೂ ಕೈಗಳನ್ನು ಬೀಸಿಕೊಂಡು ನಡೆದರು.