ಅಕ್ಕನ ಕೈಗುಣ, ತಂಗಿಯ ಮಂಡಿ

ಅಕ್ಕ ತೀರಿಕೊಂಡ ಸುದ್ದಿ ಬಂದ ಬೆಳಗ್ಗೆ ದರ್ಜಿಯಮ್ಮ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಅಂಗಡಿಯ ಬಾಗಿಲಲ್ಲಿ ನಿಂತ ಭಾವನ ಮುಖ ನೋಡಿದೊಡನೆ ಅವಳಿಗೆ ಎಲ್ಲವೂ ತಿಳಿಯಿತು. ಏಳಹೋದಳು, ಮಂಡಿ ಹಿಡಿದುಕೊಂಡಿತು. ಅಕ್ಕನ ಬಳಿಗೆ ಓಡಲಾರದ ಕಾಲು ಇದ್ದರೆಷ್ಟು, ಬಿಟ್ಟರೆಷ್ಟು ಎಂದು ಅತ್ತಳು.

ಮಣ್ಣು ಮಾಡುವಾಗ ಎಲ್ಲರೂ ಮಂಡಿಯೂರಿ ಪ್ರಾರ್ಥಿಸಿದರು. ಅವಳೊಬ್ಬಳು ಸ್ಮಶಾನದ ಗೋಡೆಗೆ ಒರಗಿ ನಿಂತಳು. ಒಡಹುಟ್ಟಿದವಳಿಗಾಗಿ ಒಮ್ಮೆ ಮಂಡಿಯೂರಲಾಗಲಿಲ್ಲವಲ್ಲ ಎಂಬ ಕೊರಗು ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಇಷ್ಟು ವರ್ಷ ಆ ಮಂಡಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದವಳು ಅಕ್ಕನೇ. ಅವಳ ಕೈಗುಣ ಇನ್ನೊಬ್ಬರಿಗೆ ಬರುವುದುಂಟೇ ಎಂದು ದರ್ಜಿಯಮ್ಮ ಯಾರಿಗೂ ಕಾಲು ಮುಟ್ಟಗೊಡಲಿಲ್ಲ.

ಬಡಗಿ ಭಾವನಿಗೂ ಮಂಡಿನೋವು. ಒಂದು ದಿನ ಅವನು ಅಂಗಡಿಗೆ ಬಂದು, "ನಡಿ, ಆಸ್ಪತ್ರೆಗೆ ಹೋಗೋಣ. ಮಂಡಿಗೆ ಚಿಕಿತ್ಸೆ ಮಾಡಿ ವ್ಯಾಯಾಮ ಹೇಳಿಕೊಡೋ ಡಾಕ್ಟರಮ್ಮ ಬಂದಿದ್ದಾಳಂತೆ" ಎಂದ.

"ನನ್ನ ಮಂಡಿ ಮುಟ್ಟೋಕೆ ಅಕ್ಕನೇ ಬರಬೇಕು ಭಾವ."

"ಅವಳು ಬಂದ್ರೆ ಮೊದಲು ನನಗೇ ಪೂಜೆ. ತಂಗೀನ ಹೀಗೆ ಕೂರಿಸಿದ್ದೀರಲ್ಲ ಅಂತ ಬೈತಾಳೆ. ನನ್ನ ಮರ್ಯಾದೆ ಉಳಿಸೋಕಾದ್ರೂ ಬಾ."

ಅವಳು ಗೊಣಗುತ್ತಲೇ ಹೊರಟಳು.

ಡಾಕ್ಟರಮ್ಮ ಇಬ್ಬರ ಮಂಡಿಯನ್ನೂ ಮಡಿಸಿ, ಚಾಚಿ ನೋಡಿದಳು. ಇಬ್ಬರಿಗೂ ಕೀಲು ಸವೆದಿತ್ತು. ಆದರೆ ದರ್ಜಿಯಮ್ಮನ ಮಂಡಿಚಿಪ್ಪನ್ನು ಬೆರಳುಗಳಿಂದ ಮೆಲ್ಲಗೆ ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದಳು. ಭಾವನಿಗೆ ಮಾತ್ರ ಮಂಡಿಯ ಕೆಳಗೆ ಅಗಲವಾದ ಪಟ್ಟಿ ಸುತ್ತಿ, ಪಕ್ಕಕ್ಕೆ ಹಗುರವಾಗಿ ಎಳೆದು ಹಿಡಿದು, ಕಾಲು ಮಡಿಸಲು ಹೇಳಿದಳು. ಆಮೇಲೆ ಇಬ್ಬರಿಗೂ ಮನೆಯಲ್ಲಿ ಮಾಡುವ ವ್ಯಾಯಾಮ ತೋರಿಸಿದಳು. ಅದನ್ನು ಇಬ್ಬರೂ ಕಿವಿಗೇ ಹಾಕಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ಜಗಳ.

"ನನಗೆ ಬರೀ ಚಿಪ್ಪು ಸವರಿ ಕಳಿಸಿದ್ಲು. ನಿಮಗೆ ಪಟ್ಟಿ ಹಾಕಿ ರಾಜೋಪಚಾರ!"

"ರಾಜೋಪಚಾರವೇ? ದನಕ್ಕೆ ಹಗ್ಗ ಹಾಕಿದ ಹಾಗೆ ಹಾಕಿದ್ಲು. ನಿನಗೆ ನೋಡು, ಹೂವು ಮುಟ್ಟಿದ ಹಾಗೆ ಮುಟ್ಟಿದ್ಲು."

ಇಬ್ಬರಿಗೂ ಹೊಟ್ಟೆಕಿಚ್ಚು. ಮನೆಗೆ ಹೋದವಳೇ ದರ್ಜಿಯಮ್ಮ ಗಟ್ಟಿ ಬಟ್ಟೆಯ ಪಟ್ಟಿ ಕತ್ತರಿಸಿ, ಒಂದು ತುದಿಯನ್ನು ಯಂತ್ರದ ಕಾಲಿಗೆ ಬಿಗಿದು, ಇನ್ನೊಂದನ್ನು ತನ್ನ ಕಾಲಿಗೆ ಸುತ್ತಿ ಜಗ್ಗಿದಳು. ಅತ್ತ ಭಾವ ಹಲಗೆ ಕೀಸುವ ರಭಸದಲ್ಲಿ ತನ್ನ ಮಂಡಿಚಿಪ್ಪು ಉಜ್ಜಿದ. ಬೆಳಗಾಗುವುದರೊಳಗೆ ಇಬ್ಬರ ಮಂಡಿಯೂ ಊದಿಕೊಂಡಿತ್ತು. ಒಬ್ಬರ ಭುಜ ಒಬ್ಬರು ಹಿಡಿದು ಕುಂಟುತ್ತ ಆಸ್ಪತ್ರೆಗೆ ಬಂದವರನ್ನು ಕಂಡು ಡಾಕ್ಟರಮ್ಮ ಸಂಗತಿ ಕೇಳಿದಳು. ಕೇಳಿ, ಮುಖ ಆಚೆ ತಿರುಗಿಸಿ ನಕ್ಕಳು.

"ನಗು ಮಗಳೇ, ನಗು. ಆದ್ರೆ ಹೇಳು, ಯಾವುದು ಮೇಲು?" ಎಂದಳು ದರ್ಜಿಯಮ್ಮ.

"ಇದೇ ಮೇಲು ಅಂತ ಎಲ್ಲರಿಗೂ ಹೇಳೋಕಾಗಲ್ಲ ಅಮ್ಮ. ನಿಮ್ಮ ಚಿಪ್ಪು ಬಿಗಿದುಕೊಂಡಿತ್ತು, ಅದಕ್ಕೇ ಸಡಿಲಿಸಿದೆ. ಇವರಿಗೆ ಮಡಿಸೋವಾಗ ನೋವು. ಪಟ್ಟಿ ಹಿಡಿದ್ರೆ ನೋವಿಲ್ಲದೆ ಮಡಿಸ್ತಾರೆ."

ದರ್ಜಿಯಮ್ಮ ದನಿ ತಗ್ಗಿಸಿದಳು. "ನಮ್ಮಕ್ಕ ತಿಕ್ತಿದ್ದಳಲ್ಲ, ಅದು ಸುಳ್ಳೇ?"

"ಖಂಡಿತ ಸುಳ್ಳಲ್ಲ. ಮಂಡಿ ಸುತ್ತ ಬಿಗಿದ ಸ್ನಾಯು ಸಡಿಲ ಆಗ್ತಿತ್ತು, ನೋವು ಇಳೀತಿತ್ತು. ಆದ್ರೆ ಅವರ ಕೈಯಾಗಲಿ ನನ್ನ ಕೈಯಾಗಲಿ, ನೋವು ಕೊಂಚ ಕಾಲ ತಗ್ಗಿಸುತ್ತೆ ಅಷ್ಟೆ. ಸವೆದ ಕೀಲನ್ನ ಹೊಸದು ಮಾಡಲ್ಲ. ನೋವು ತಗ್ಗಿದಾಗ ವ್ಯಾಯಾಮ ಮಾಡಿ ತೊಡೆಗೆ ಬಲ ತಂದುಕೋಬೇಕು. ಆ ಬಲವೇ ಮಂಡಿಗೆ ಆಸರೆ."

ಅಕ್ಕನ ಕೈ ಸುಳ್ಳಲ್ಲ ಎಂಬ ಮಾತಿಗೆ ದರ್ಜಿಯಮ್ಮನ ಮುಖ ಅರಳಿತು. "ಹಾಗಾದ್ರೆ ನಾನು ಭಾವನ ಅಂಗಿ ತೊಟ್ಟು, ತೋಳು ಉದ್ದ ಅಂತ ಅತ್ತ ಹಾಗಾಯ್ತು!"

"ನಾನು ನಿನ್ನ ಲಂಗ ತೊಟ್ಟಿದ್ದೆ ಅನ್ನು" ಎಂದ ಭಾವ. ಹೊರಗೆ ಕಾದಿದ್ದವರೂ ನಕ್ಕರು.

ಊತ ಇಳಿದ ಮೇಲೆ ಮತ್ತೆ ಚಿಕಿತ್ಸೆ ಶುರುವಾಯಿತು. ಜೊತೆಗೆ ದಿನವೂ ವ್ಯಾಯಾಮ: ಕುರ್ಚಿಯಲ್ಲಿ ಕುಳಿತು ಕಾಲು ನೀಳವಾಗಿ ಚಾಚಿ ಹಿಡಿಯುವುದು, ಕುರ್ಚಿಯಿಂದ ನಿಧಾನವಾಗಿ ಏಳುವುದು, ಸಂಜೆ ನಡೆಯುವುದು. ಭಾವ ಅವಳ ಕುರ್ಚಿಯ ಕಾಲುಗಳನ್ನು ಎತ್ತರಿಸಿಕೊಟ್ಟ. ಬಟ್ಟೆ ಹೊಲಿಸಲು ಬಂದವರನ್ನೂ ಅವಳು ಬಿಡಲಿಲ್ಲ. "ಅಳತೆ ಆಮೇಲೆ, ಮೊದಲು ಕಾಲು ಚಾಚಿ!" ಎನ್ನುತ್ತಿದ್ದಳು. ತಿಂಗಳುಗಳು ಕಳೆದಂತೆ ನೋವು ಪೂರ್ತಿ ಹೋಗಲಿಲ್ಲ, ಆದರೆ ಕಾಲು ಅವಳ ಮಾತು ಕೇಳತೊಡಗಿತು.

"ಮಂಡಿಯೂರಬಹುದೇ ಮಗಳೇ?" ಎಂದು ಒಂದು ದಿನ ಡಾಕ್ಟರಮ್ಮನನ್ನು ಕೇಳಿದಳು.

"ಮೆತ್ತಗೆ ಏನಾದ್ರೂ ಹಾಕ್ಕೊಳ್ಳಿ, ಕೈಗೆ ಆಸರೆ ಇರಲಿ. ನೋವಾದ್ರೆ ಎದ್ದುಬಿಡಿ."

ದರ್ಜಿಯಮ್ಮ ಅಕ್ಕನ ಹಳೆಯ ಶಾಲು ಮಡಿಸಿ, ಒಳಗೆ ಬಟ್ಟೆಯ ಚೂರು ತುಂಬಿ ದಿಂಬು ಹೊಲಿದಳು. ಭಾವನ ಕೈ ಹಿಡಿದು ಅಕ್ಕನ ಸಮಾಧಿಯ ಮುಂದೆ ಅದರ ಮೇಲೆ ಮೆಲ್ಲಗೆ ಮಂಡಿಯೂರಿದಳು.

"ಏಳೋಕಾಗುತ್ತಾ?" ಭಾವನಿಗೆ ಗಾಬರಿ.

"ಆಗದಿದ್ರೆ ಇಲ್ಲೇ ಅಂಗಡಿ ಇಡ್ತೀನಿ. ಸುಮ್ಮನಿರಿ, ಅಕ್ಕನ ಹತ್ರ ಮಾತಾಡ್ತಿದ್ದೀನಿ."

ಪ್ರಾರ್ಥಿಸಿ, ಕಣ್ಣೊರೆಸಿಕೊಂಡು, ತಾನೇ ಎದ್ದಳು.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮಂಡಿನೋವು ವಯಸ್ಸಿನ ಶಾಪವೆಂದು ಮೂಲೆ ಹಿಡಿಯಬೇಡಿ. ಬಲ್ಲವರಿಗೆ ತೋರಿಸಿ. ನೆರೆಯವರ ಚಿಕಿತ್ಸೆಯನ್ನು ನಿಮ್ಮ ಕಾಲಿನ ಮೇಲೆ ಪ್ರಯೋಗಿಸಬೇಡಿ. ಜಗ್ಗಿ ಲಟಕ್ಕೆನಿಸಲು ಯಾರಿಗೂ ಬಿಡಬೇಡಿ. ಮಂಡಿ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಕಾಲೂರಲಾಗದಿದ್ದರೆ ಅಂದೇ ವೈದ್ಯರನ್ನು ಕಾಣಿ. ಹೇಳಿಕೊಟ್ಟ ವ್ಯಾಯಾಮವನ್ನು ಮಾತ್ರ ಯಾವ ದಿನವೂ ಬಿಡಬೇಡಿ.

ನಮ್ಮ ನೋವನ್ನು ತಮ್ಮ ಅಂಗೈಯಲ್ಲಿ ತಿಕ್ಕಿ ಇಳಿಸಿ ಹೋದ ಕೈಗಳನ್ನು ಭಗವಂತನು ತನ್ನ ಕೈಯಲ್ಲಿ ಹಿಡಿದುಕೊಳ್ಳಲಿ. ದರ್ಜಿಯಮ್ಮನ ಅಕ್ಕನ ಆತ್ಮಕ್ಕೆ ಶಾಂತಿ ಸಿಗಲಿ.