ಸಾಲುಗಳ ನಡುವಿನ ಉಸಿರು

ಕೆನ್ನೆಗೆ ಅಂಟಿಸುವ ಆ ಮೈಕು ಒಂದು ಕಾಳಿನಷ್ಟೂ ಇಲ್ಲ. ಅಕ್ಕನ ಕಿವಿಗೆ ಕೊಕ್ಕೆ ಸಿಕ್ಕಿಸಿ, ಬಾಯಿಯ ಮೂಲೆಯಿಂದ ಎರಡು ಬೆರಳು ಹಿಂದಕ್ಕೆ ಸರಿಸಿ, ಮೈಬಣ್ಣದ ಟೇಪು ಒತ್ತಿದೆ. ಬ್ಯಾಟರಿ ಡಬ್ಬಿಯನ್ನು ಸೊಂಟಕ್ಕೆ ಕಟ್ಟುವಾಗ ಅವಳ ಪಕ್ಕೆಗಳು ಏದುಸಿರಿಗೆ ಏರಿಳಿಯುತ್ತಿದ್ದವು.

"ಕೈಮೈಕೇ ಕೊಡೋ," ಎಂದಳು.

"ನಾನೇನು ಮಾಡ್ಲಿ? ಗಡಿಯಾರ ಒಪ್ತಿಲ್ಲ."

ಗಡಿಯಾರ ಅಂದರೆ ಅವಳ ಸೂಪರ್‌ವೈಸರ್. ಹೆಂಗಸರು ಶೌಚಾಲಯಕ್ಕೆ ಎದ್ದರೂ ಮಣಿಕಟ್ಟು ನೋಡಿಕೊಳ್ಳುವ ಆಸಾಮಿ. ಕಾರ್ಖಾನೆಯ ವಾರ್ಷಿಕ ಸಮಾರಂಭದಲ್ಲಿ ಪಾಲಿಶ್ ವಿಭಾಗದ ಹಾಡುಗಾರ್ತಿ ಎರಡೂ ಕೈಯಲ್ಲಿ ಮಿರಮಿರ ಮಿಂಚುವ ಕಲ್ಲಿನ ಚಪ್ಪಡಿ ಹಿಡಿದೇ ಹಾಡಬೇಕೆಂಬುದು ಅವನ ತಲೆಗೆ ಹೊಳೆದ ಉಪಾಯ. ಮುಂದಿನ ಸಾಲಿನಲ್ಲಿ ಕಲ್ಲು ಕೊಳ್ಳುವವರು ಕೂತಿರುತ್ತಾರಲ್ಲ! ಕಲ್ಲು ಹೊಳೆಯಬೇಕು, ಹೊಳೆಯಿಸಿದವಳ ಎದೆಯ ಸದ್ದು ಮಾತ್ರ ಯಾರ ಕಿವಿಗೂ ಬೀಳಬಾರದು.

ಅಕ್ಕ ಹದಿನಾಲ್ಕು ವರ್ಷ ಆ ಕಲ್ಲಿನ ಧೂಳು ನುಂಗಿದವಳು. ಕೈಮೈಕು ಇದ್ದಾಗ, ಸಾಲು ಮುಗಿದೊಡನೆ ಅದನ್ನು ದೂರ ಸರಿಸಿ, ಮುಖ ತಿರುಗಿಸಿ, ಉಸಿರೆಳೆದುಕೊಂಡು ಮತ್ತೆ ಬಾಯಿಗೆ ತರುತ್ತಿದ್ದಳು. ಜನ ಅದನ್ನು ಗಾಯಕಿಯ ಗತ್ತು ಎಂದುಕೊಂಡಿದ್ದರು. ಈ ಮೈಕಿಗೆ ಆ ಸಂಕೋಚವಿಲ್ಲ. ಬಾಯಿ ಎಲ್ಲಿಗೆ ತಿರುಗಿದರೂ ಬೆನ್ನುಬಿಡದೆ ಹಿಂದೆಯೇ ಬರುತ್ತದೆ.

ಹೋದ ತಿಂಗಳು ಕಂಪನಿಯ ಡಾಕ್ಟರು ಒಂದೇ ಮಧ್ಯಾಹ್ನದಲ್ಲಿ ನಲವತ್ತು ಹೆಂಗಸರನ್ನು ನೋಡಿ, ನಲವತ್ತೂ ಜನರ ಎದೆ ಸರಿ ಇದೆ ಎಂದು ಬರೆದುಕೊಟ್ಟಿದ್ದರು. ಆದರೂ ಕೆಮ್ಮಿ ಸಿಕ್ಕಿಬಿದ್ದವರನ್ನು ಗಡಿಯಾರ 'ವಿಶ್ರಾಂತಿ'ಗೆ ಕಳಿಸುತ್ತಿದ್ದ. ಆ ವಿಶ್ರಾಂತಿಯಿಂದ ವಾಪಸ್ ಬಂದವರು ಒಬ್ಬರೂ ಇಲ್ಲ.

"ಸಾಲು ಸಾಲಿನ ಮಧ್ಯೆ ಮೈಕ್ ಮುಚ್ಚಿಬಿಡು," ಎಂದಳು ಅಕ್ಕ. "ಉಸಿರು ಹೊರಗೆ ಕೇಳಿಸ್ತೋ, ನಾಳೆಯಿಂದ ನಾನೂ ಮನೇಲೇ."

"ಸ್ವಲ್ಪ ಹೆಚ್ಚುಕಮ್ಮಿ ಆದ್ರೆ?"

"ಚಿಕ್ಕಂದಿನಿಂದ ನನ್ನ ಬಾಯಿ ಮುಚ್ಸೋಕೆ ಒದ್ದಾಡ್ತಿದ್ಯಲ್ಲ. ಇವತ್ತು ಅವಕಾಶ ಸಿಕ್ಕಿದೆ, ಮುಚ್ಚು."

ಕ್ಯಾಂಟೀನ್ ಹಾಲಿನ ಹಿಂದುಗಡೆ ನನ್ನ ಸೌಂಡ್ ಮಿಕ್ಸರ್. ಅಕ್ಕ ಚಪ್ಪಡಿ ಹಿಡಿದು ನಿಂತಳು. ಮೊದಲ ಸಾಲು, ಮ್ಯೂಟ್. ಎರಡನೆಯದು, ಮ್ಯೂಟ್. ಹಾಲಿಗೆ ಕೇಳದ್ದು ನನ್ನ ಹೆಡ್‌ಫೋನಿಗೆ ಕೇಳುತ್ತಿತ್ತು: ಜಲ್ಲಿಯ ಚೀಲವನ್ನು ಯಾರೋ ನೆಲದ ಮೇಲೆ ದರದರ ಎಳೆದಂತೆ. ಒಂದು ಕ್ಷಣ ತಡವಾದರೆ ಅವಳ ಕೆಲಸ ಹೋಯಿತು. ಬೆರಳು ಬೆವರಿ ಬಟನ್ ಮೇಲೆ ಜಾರತೊಡಗಿತು.

ಎರಡನೇ ಚರಣದಲ್ಲಿ ಗಡಿಯಾರ ದಡದಡ ಬಂದ.

"ಏನಯ್ಯಾ, ಪದಗಳ ಬಾಲ ಕತ್ತರಿಸ್ತಾ ಇದೀಯ? ತೆಗಿ ಕೈ!"

"ಸಾರ್, ಮೈಕು ಶಿಳ್ಳೆ ಹೊಡೆಯುತ್ತೆ, ಅದಕ್ಕೇ..."

"ತೆಗಿ ಅಂದ್ನಲ್ಲ!" ನನ್ನ ಮಣಿಕಟ್ಟು ಹಿಡಿದುಬಿಟ್ಟ.

ಸಾಲು ಮುಗಿಯಿತು. ಎರಡು ದೊಡ್ಡ ಸ್ಪೀಕರ್‌ಗಳಿಂದ ಅಕ್ಕನ ಉಸಿರು ಹಾಲಿನೊಳಗೆ ಬಂತು. ಮುಂದಿನ ಸಾಲಿನವರು ಬೆಚ್ಚಿ ನೋಡಿದರು.

"ಸ್ಪೀಕರ್ ಒಡೆದಿದೆಯೇನೋ?" ಎಂದ ಗಡಿಯಾರ.

"ಹೂಂ ಸಾರ್, ಸ್ಪೀಕರೇ."

ಇನ್ನೊಂದು ಸಾಲು. ಮತ್ತೆ ಅದೇ, ಈ ಸಲ ಇನ್ನೂ ಉದ್ದಕ್ಕೆ. ಗಡಿಯಾರನ ಮುಖ ಬಿಳಿಚಿತು. "ಅವಳ ಎದೆ ಅಲ್ವೇನೋ ಇದು! ಮುಚ್ಚು, ಬೇಗ ಮುಚ್ಚು!" ಕೈ ಬಿಟ್ಟ.

ನನ್ನ ಬೆರಳು ಬಟನ್ ಮೇಲೆ ಹೋಯಿತು. ಅಕ್ಕ ಹಾಡುತ್ತಲೇ ಹಿಂದಿನ ಸಾಲುಗಳನ್ನು ನೋಡುತ್ತಿದ್ದಳು. ಅಲ್ಲಿ ಪಾಲಿಶ್ ವಿಭಾಗದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತಿದ್ದರು. ತಮ್ಮದೇ ಉಸಿರನ್ನು ಹೊರಗಿನಿಂದ ಕೇಳಿದವರ ಮುಖ ಅವು. ಅಕ್ಕ ನನ್ನತ್ತ ತಿರುಗಿದಳು. ಬೇಡ ಎಂದು ತಲೆಯಾಡಿಸಿದಳು.

ಬೆರಳು ಎತ್ತಿಬಿಟ್ಟೆ. ಯಾವ ಬಟನ್ ಎಂದು ತಿಳಿಯದೆ ಗಡಿಯಾರ ಮಿಕ್ಸರ್ ಮೇಲೆಲ್ಲ ಕಣ್ಣಾಡಿಸಿದ.

ಮೂರನೇ ಚರಣವನ್ನೂ ಹಾಡಿಯೇ ಮುಗಿಸಿದಳು. ಚಪ್ಪಡಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

"ಡಾಕ್ಟ್ರೇ, ನಲವತ್ತೂ ಜನರ ಎದೆ ಸರಿ ಇದೆ ಅಂತ ಬರೆದ್ರಲ್ಲ. ಹಾಗಾದ್ರೆ ಇದು ಯಾರ ಎದೆ?"

ಮುಂದಿನ ಸಾಲಿನಲ್ಲಿದ್ದ ಡಾಕ್ಟರು ಮೊಬೈಲ್ ತೆಗೆದು ಅದರೊಳಗೆ ಮುಖ ಹುದುಗಿಸಿದರು. ಗಡಿಯಾರ ಬಗ್ಗಿ ಮೇನ್ ಸ್ವಿಚ್ ಆರಿಸಿದ. ಸ್ಪೀಕರ್‌ಗಳು ದುಡುಂ ಎಂದು ಸತ್ತವು. ಆ ನಿಶ್ಶಬ್ದದಲ್ಲಿ ಹಿಂದಿನಿಂದ ಒಬ್ಬಳು ಕೆಮ್ಮಿದಳು. ಆಮೇಲೆ ಇನ್ನೊಬ್ಬಳು. ಬಾಯಿಗೆ ಯಾರೂ ಕೈ ಅಡ್ಡ ಹಿಡಿಯಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನನ್ನು ಗೇಟಿನಲ್ಲೇ ತಡೆದರು. ಅವಳನ್ನು ಒಳಗೆ ಬಿಡುವವರೆಗೆ, ಹೊರಗಿನ ಡಾಕ್ಟರನ್ನು ಕರೆಸುವವರೆಗೆ ಕಲ್ಲು ಮುಟ್ಟುವುದಿಲ್ಲವೆಂದು ಒಳಗಿನವರು ಕೈಕಟ್ಟಿ ಕೂತರು. ಹತ್ತೂವರೆಯಾದರೂ ಒಂದು ಯಂತ್ರವೂ ತಿರುಗಿರಲಿಲ್ಲ. ಗಡಿಯಾರ ಮೂರು ಸಲ ಗೇಟಿಗೆ ಬಂದು, ಹೊರಗಿದ್ದ ಅಕ್ಕನನ್ನೂ ನನ್ನನ್ನೂ ನೋಡಿ, ಫೋನು ಕಿವಿಗಿಟ್ಟುಕೊಂಡು ಒಳಗೆ ಹೋದ.

ರಸ್ತೆಯಂಚಿನ ಕಟ್ಟೆಯ ಮೇಲೆ ಕೂತ ಅಕ್ಕ ಕೇಳಿದಳು:

"ನಿಜ ಹೇಳು, ನಿನ್ನೆ ಶ್ರುತಿ ತಪ್ಪಿತ್ತಾ?"

"ಮೂರನೇ ಚರಣದಲ್ಲಿ, ಒಂಚೂರು."

"ಥೂ," ಎಂದಳು. ಆಮೇಲೆ ಗೇಟಿನತ್ತ ತಿರುಗಿ, ಆ ಸಾಲನ್ನೇ ಸಣ್ಣ ದನಿಯಲ್ಲಿ ತಿದ್ದಿಕೊಳ್ಳತೊಡಗಿದಳು.